ಕ್ಯಾಮರಾ ಹಿಂದಿನ ನಗು

ಸ್ಟುಡಿಯೋದ ಹಿಂದಿನ ಕೋಣೆಯಿಂದ,
ಭಾನುವಾರ, ಮಾರ್ಚ್ ೧೦

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿ ನೋವು ಕಡಿಮೆಯಾಯಿತಾ, ಇಲ್ಲಾ ಎಂದಿನ ಹಾಗೆ ಡಾಕ್ಟರ ಮೇಲಿನ ಸಿಟ್ಟಿಗೆ ಮಾತ್ರೆ ಬಿಟ್ಟುಬಿಟ್ಟೆಯಾ? ಭಾವನ ಗೊರಕೆಗೆ ಪಕ್ಕದ ಮನೆಯವರು ಇನ್ನೂ ಊರು ಬಿಟ್ಟಿಲ್ಲ ತಾನೆ? ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಮ್ಮನ ಕಿವಿ ಸ್ವಲ್ಪ ಮಂದವಾಗಿದೆ, ಬಾಯಿ ಆಗಿಲ್ಲ. ನಾನು ಹೊಟ್ಟೆ ಬೆಳೆಸಿದ್ದೇನೆ. ಕೋಪ ಬಂದರೆ ನನಗೆ ಹಸಿವಾಗುತ್ತದೆ ಅಂತ ನಿನಗೆ ಗೊತ್ತಲ್ಲ, ಚಿಕ್ಕಂದಿನಿಂದ ಅದೇ ಕಥೆ. ನಾನು ಎರಡನೇ ಸಲ ಬಡಿಸಿಕೊಂಡರೆ ಸಾಕು, ಇವತ್ತು ಯಾರ ಮೇಲೆ ಅಂತ ನನ್ನವಳು ಕೇಳುತ್ತಾಳೆ. ಕೋಪ ಬಂದಿದೆ ಅಂತ ನನಗೆ ತಿಳಿಯುವುದೇ ಆಗ.

ಅಪ್ಪನ ಸ್ಟುಡಿಯೋ ಖಾಲಿ ಮಾಡುತ್ತಿದ್ದೇವೆ. ಇನ್ನು ನಡೆಸಲು ನನ್ನ ಕೈಲಾಗುವುದಿಲ್ಲ. ನಿನ್ನೆ ಡಾರ್ಕ್ ರೂಮಿನ ಬಾಗಿಲು ತೆಗೆದೆ. ಅಲ್ಲಿ ಫಿಲ್ಮ್ ತೊಳೆದು ಯಾವ ಕಾಲವಾಯಿತೋ, ಆ ಹುಳಿ ವಾಸನೆ ಮಾತ್ರ ಗೋಡೆ ಬಿಟ್ಟಿಲ್ಲ. ಮೂಗಿಗೆ ಬಡಿದದ್ದೇ ತಡ, ಕಣ್ಣು ತುಂಬಿತು. ಅಪ್ಪನ ನೆನಪು ಬಂದದ್ದು ಆಮೇಲೆ. ದುಃಖ ಮೊದಲು ಮನಸ್ಸಿಗೆ ಬಂದು ನಂತರ ಕಣ್ಣಿಗೆ ಇಳಿಯುತ್ತದೆ ಅಂದುಕೊಂಡಿದ್ದೆ. ಹಾಗೇನಿಲ್ಲ ಅಕ್ಕಾ. ಮೈ ತನ್ನ ಪಾಡಿಗೆ ಶುರುಹಚ್ಚಿಕೊಳ್ಳುತ್ತದೆ, ಇದಕ್ಕೇನು ಹೆಸರು ಅಂತ ಮನಸ್ಸು ಹಿಂದಿನಿಂದ ಓಡಿಬಂದು ಹುಡುಕುತ್ತದೆ.

ನೀನು ನಿಲ್ಲುತ್ತಿದ್ದ ಸ್ಟೂಲು ಇನ್ನೂ ಇದೆ, ಒಂದು ಕಾಲು ಕುಂಟು. ಅಪ್ಪನಿಗೆ ಫೋಟೋ ತೆಗೆಯಲು ಬರುತ್ತಿತ್ತು, ಜನರನ್ನು ನಗಿಸಲು ಬರುತ್ತಿರಲಿಲ್ಲ. ಅವರು ಜೋಕು ಹೇಳಿದರೆ ಮಕ್ಕಳು ಅಳುತ್ತಿದ್ದವು. ಅದಕ್ಕೇ ನಿನ್ನನ್ನು ಕ್ಯಾಮರಾ ಹಿಂದೆ ನಿಲ್ಲಿಸಿಕೊಂಡು, ಎದುರಿಗೆ ಕೂತವರ ಮುಖ ಬಿಗಿಯಿತು ಅಂದರೆ ಸಾಕು, "ಶುರು ಮಾಡಮ್ಮ" ಅನ್ನುತ್ತಿದ್ದರು. ನೀನು ಕಾರಣವಿಲ್ಲದೆ ಗಲಗಲ ನಗುತ್ತಿದ್ದೆ. ಎಂಥ ಗಂಟುಮುಖದವರೂ ಮೊದಲು ತಬ್ಬಿಬ್ಬಾಗಿ, ಆಮೇಲೆ ತಾವೂ ನಗುತ್ತಿದ್ದರು. ಕೊನೆಕೊನೆಗೆ ಅಪ್ಪ ಹೇಳುವುದೇ ಬೇಕಿರಲಿಲ್ಲ, ಬಿಗಿದ ಮುಖ ಕಂಡರೆ ನಿನಗೆ ನಗು ತಾನಾಗಿ ಬರುತ್ತಿತ್ತು. ಹೆಡ್‌ಮಾಸ್ಟರು ಬೈಯುವಾಗ ನಕ್ಕು ಏಟು ತಿಂದದ್ದೂ ಅದಕ್ಕೇ. ಎಷ್ಟು ಚೆನ್ನಾಗಿತ್ತು ಆ ಕಾಲ. ನಾವಿಬ್ಬರೂ ಆಗ ಇಡೀ ದಿನ ಅಪ್ಪನ ಕಾಲಿಗೆ ಅಡ್ಡಡ್ಡ ಸಿಗುತ್ತಿದ್ದೆವು.

ಅಪ್ಪ ತೀರಿಕೊಂಡ ದಿನ ಅವರನ್ನು ಇಲ್ಲೇ ಸ್ಟುಡಿಯೋದ ಮುಂದಿನ ಕೋಣೆಯಲ್ಲಿ ಮಲಗಿಸಿದ್ದೆವು. ನೀನು ಬಸ್ಸಿಳಿದು ಬಂದು, ಬಾಗಿಲಲ್ಲೇ ನಿಂತು, ಅವರ ಮುಖ ನೋಡಿ ಜೋರಾಗಿ ನಕ್ಕುಬಿಟ್ಟೆ. "ನಿಂಗೆ ಎದೆ ಅನ್ನೋದೇ ಇಲ್ಲ. ಹೋಗು ಇಲ್ಲಿಂದ" ಅಂದಳು ಅಮ್ಮ. ನೀನು ಹೋದೆ. ವರ್ಷಗಳೇ ಆದವು, ಅಮ್ಮ ಕರೆಯಲಿಲ್ಲ, ನೀನು ಬರಲಿಲ್ಲ. ಯಾಕೆ ನಕ್ಕೆ ಅಂತ ನೀನು ಯಾರಿಗೂ ಹೇಳಲಿಲ್ಲ. ಬಹುಶಃ ನಿನಗೂ ಗೊತ್ತಿರಲಿಲ್ಲ.

ಇವತ್ತು ಬೆಳಿಗ್ಗೆ, ಕ್ಯಾಮರಾ ಕಟ್ಟಿಡುವ ಮೊದಲು ತನ್ನದೊಂದು ಫೋಟೋ ತೆಗಿ ಅಂದಳು ಅಮ್ಮ. ಜೀವನವಿಡೀ ಹಿಂದಿನ ಕೋಣೆಯಲ್ಲಿ ಕೂತು ಬೇರೆಯವರ ಫೋಟೋ ತಿದ್ದಿದವಳಲ್ಲವೇ, ಲೈಟಿನ ಎದುರು ಕೂತದ್ದೇ ಮುಖ ಬಿಗಿದುಕೊಂಡಿತು. ನಾನು ಏನೇನೋ ಮಂಗಾಟ ಮಾಡಿದೆ. ಅಪ್ಪನ ಮಗನೇ ತಾನೆ, ಒಂದೂ ನಡೆಯಲಿಲ್ಲ. ಅಮ್ಮ ನನ್ನ ಹಿಂದಿದ್ದ ಸ್ಟೂಲು ನೋಡಿ, "ಅವಳಿದ್ದಿದ್ರೆ ನಗಿಸ್ತಿದ್ಲು" ಅಂದಳು. ಎದ್ದು ಬಂದು ಸೆರಗಿನಿಂದ ಅದರ ಧೂಳು ಒರೆಸಿದಳು. ಒರೆಸುತ್ತಲೇ, "ಅವತ್ತು ಅವರ ಮುಖ ಬಿಗಿದಿತ್ತು ಕಣೋ. ಅವಳು ಅವರನ್ನ ನಗ್ಸೋಕೆ ನೋಡಿದ್ಲು" ಅಂದಳು. ಆಮೇಲೆ ಇಬ್ಬರೂ ಅತ್ತೆವು. ನಿನ್ನ ಅಳು ನಗುವಾಗಿಯೇ ಬರುವುದು ಅಕ್ಕಾ, ನಿನಗೆ ನಾವು ಕಲಿಸಿದ್ದೇ ಅದು. ನಿನ್ನನ್ನು ನೋಡಬೇಕು ಅಂತ ಬಹಳ ಅನ್ನಿಸುತ್ತಿದೆ.

ಭಾವನಿಗೆ ನಮಸ್ಕಾರ ಹೇಳು. ಮಕ್ಕಳಿಗೆ ಮಾವನ ಪರವಾಗಿ ಒಂದೊಂದು ಸಲ ಕಿವಿ ಹಿಂಡು.

ನಿನ್ನ ತಮ್ಮ,
ಗುಂಡ

ತಾ.ಕ: ಅವಸರದಲ್ಲಿ ಬರೆಯುತ್ತಿದ್ದೇನೆ. ಅಮ್ಮ ಫೋಟೋ ತೆಗೆಯಲೂ ಬಿಡಲಿಲ್ಲ, ಕ್ಯಾಮರಾ ಕಟ್ಟಲೂ ಬಿಡುತ್ತಿಲ್ಲ. ಸ್ಟುಡಿಯೋದ ಬೀಗದ ಕೈ ಹೊಸಬರಿಗೆ ಕೊಡಬೇಕಾದ್ದು ಮುಂದಿನ ಭಾನುವಾರ. ಈ ಕಾಗದ ಕಿತ್ತುಕೊಂಡು ತಾನೇ ಬರೆಯಲು ನೋಡಿದಳು, ಕನ್ನಡಕ ಸಿಗಲಿಲ್ಲ ಅಂತ ವಾಪಸ್ ಕೊಟ್ಟಳು. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಬಾ. ಬಾಗಿಲಲ್ಲಿ ನನ್ನ ಮುಖ ನೋಡಿ ನಗು ಬಂದ್ರೆ ನಗು. ಈ ಸಲ ನಂಗೆ ಅರ್ಥ ಆಗತ್ತೆ."