ಬಾವಡಿಗಂಜಿನ ನೀರು

ಬ್ಯಾಲಿನ್‌ಕೊಲಿಗ್, ಐರ್ಲೆಂಡ್
14 ಮೇ 2020

ಚಿರಾಗನ ತಾತನವರಿಗೆ, ಕಾತ್ಯಾಯಿನಿಯ ನಮಸ್ಕಾರ.

ಉಬ್ಬಸ ಹೇಗಿದೆ? ಇನ್ಹೇಲರ್ ಜೇಬಿನಲ್ಲೇ ಇದೆ ತಾನೇ? ನಾವಿಲ್ಲಿ ಚಿರಾಗನ ಮಾತಿನಲ್ಲಿ ಹೇಳುವುದಾದರೆ ‘ಗ್ರ್ಯಾಂಡ್’, ಇಲ್ಲಿಯವರ ಬಾಯಲ್ಲಿ ಹಾಗಂದರೆ ಚೆನ್ನಾಗಿದ್ದೇವೆ ಅಂತ. ಜ್ವರ ಬಂದಾಗಲೂ ಈ ಹುಡುಗ ಹಾಗೇ ಅಂದಿದ್ದ. ಕೊರೊನಾ ಅಂತ ನಿಂತ ವಿಮಾನ ಮತ್ತೆ ಯಾವಾಗ ಶುರುವಾಗುತ್ತದೋ ಸ್ಪಂದನಾಗೂ ಗೊತ್ತಿಲ್ಲ. ಮಗಳ ಮನೆಗೆ ನಾಲ್ಕು ದಿನ ಇದ್ದು ಹೋಗಲು ಬಂದವಳು, ಈಗ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಸುತ್ತುತ್ತಿದ್ದೇನೆ. ಫೋನಿನಲ್ಲಿ ಬೈದರೆ ನಿಮಗೆ ಕಿವಿಯೇ ಕೇಳಿಸುವುದಿಲ್ಲ, ಅದಕ್ಕೇ ಈ ಕಾಗದ. ಸ್ಪಂದನಾ ಇದರ ಫೋಟೊ ತೆಗೆದು ಕಳಿಸುತ್ತಾಳೆ.

ಪಕ್ಕದ ಮನೆಯವರು ಕಳಿಸಿದ ವಿಡಿಯೊ ನೋಡಿದೆ. ಮುಂಬೈಯಿಂದ ನಡೆದು ಬರುತ್ತಿರುವ ಕೂಲಿಯವರಿಗೆ ನಮ್ಮ ಜಗಲಿಯಲ್ಲಿ ನಿಂತು ನೀರು ಕೊಡುತ್ತಿದ್ದೀರಿ. ಒಂದೇ ಲೋಟ ಬಾಯಿಂದ ಬಾಯಿಗೆ, ಮತ್ತೆ ನಿಮ್ಮ ಕೈಗೆ. ತಕ್ಷಣ ಫೋನು ಮಾಡಿದೆ. ಕೇಳಿದ್ದಕ್ಕೆ, “ಬಾಗಿಲು ಹಾಕ್ಕೊಂಡು ಕೂತ್ಕೊಳ್ಳೋ ಊರಲ್ಲ ಕಣೇ ಇದು” ಅಂದಿರಿ.

ಊರಿನ ಪಾಠ ನನಗೆ ಹೇಳಬೇಡಿ. ನಿಮ್ಮ ರೈಲ್ವೆ ನೌಕರಿಗೆಂದು ಮೈಸೂರು ಬಿಟ್ಟು ಆ ಮಧ್ಯಪ್ರದೇಶದ ಬಿಸಿಲಿಗೆ ಬಂದಿಳಿದ ದಿನವೇ ಎಲ್ಲ ಕೇಳಿದ್ದೇನೆ. ಉಪ್ಪಿನ ವ್ಯಾಪಾರಿಯ ವಿಧವೆಯೊಬ್ಬಳು ಮೆಟ್ಟಿಲುಬಾವಿ ತೋಡಿಸಿದಳಂತೆ, ಬಾವಿಯ ಸುತ್ತ ಸಂತೆ, ಸಂತೆಯ ಸುತ್ತ ಊರು ಬೆಳೆದು ಬಾವಡಿಗಂಜ್ ಅನ್ನಿಸಿಕೊಂಡಿತಂತೆ. ಬಾವಡಿಗಂಜಿನಲ್ಲಿ ದಾರಿಹೋಕನಿಗೆ ಮೊದಲು ನೀರು, ಹೆಸರು ಕೇಳುವುದು ಆಮೇಲಂತೆ. ಬರೀ ಬಡಾಯಿ. ಹೆಸರು ಕೇಳದೆಯೇ ಅವರಿಗೆ ಜಾತಿ ತಿಳಿಯುತ್ತಿತ್ತು. ನಮ್ಮಂಥ ಮೇಲಿನವರಿಗೆ ಲೋಟ, ಉಳಿದವರಿಗೆ ದೂರದಿಂದ ಬಿದಿರ ಕೊಳವೆಯಲ್ಲಿ ಬೊಗಸೆಗೆ ಸುರಿಯುತ್ತಿದ್ದರು. ನೋಡಲಾರದೆ ನಾನು ಅತ್ತುಬಿಟ್ಟೆ. ಮಾರನೆಯ ದಿನ ನೀವು ಆ ಕೊಳವೆಯನ್ನು ಕಿತ್ತು ತಂದು ಅಟ್ಟಕ್ಕೆ ಎಸೆದಿರಿ, ನಮ್ಮ ಜಗಲಿಯಲ್ಲಿ ಎಲ್ಲರಿಗೂ ಒಂದೇ ಲೋಟ ಇಟ್ಟಿರಿ. ವರ್ಷವಿಡೀ ಊರವರು ನಮ್ಮ ಹೊಸಿಲು ತುಳಿಯಲಿಲ್ಲ. ಅಂಥವರನ್ನು ಕಟ್ಟಿಕೊಂಡೆನಲ್ಲ ಎಂದು ಇವತ್ತಿಗೂ ಹೆಮ್ಮೆ ನನಗೆ. ಆದರೆ ಈಗ ಸಾಕು, ಬಾಗಿಲು ಹಾಕಿ. ನಿಮಗೇನಾದರೂ ಆದರೆ ಮುಖ ನೋಡಲಿಕ್ಕೂ ನಾನು ಬರಲಾರೆ ಕಣ್ರೀ.

ಮಗಳೂ ಮೊಮ್ಮಗನೂ ನಮಸ್ಕಾರ ಹೇಳಿದ್ದಾರೆ. ಬಾವಿ ತೋಡಿಸಿದ ಆ ತಾಯಿ ನಿಮ್ಮನ್ನು ಕಾಯಲಿ.

ನಿಮ್ಮ
ಕಾತ್ಯಾಯಿನಿ

ಮರೆತಿದ್ದು: ಸ್ಪಂದನಾ ಫೋನು ಹಿಡಿದು ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ನೀವು ಬಾಗಿಲು ಹಾಕುವವರಲ್ಲ, ನನಗೆ ಗೊತ್ತು. ಅಟ್ಟದಿಂದ ಆ ಬಿದಿರ ಕೊಳವೆ ಇಳಿಸಿ, ಬಿಸಿನೀರಲ್ಲಿ ತೊಳೆಯಿರಿ. ಲೋಟ ಒಳಗಿಡಿ. ಮೂಗು ಬಾಯಿ ಕಟ್ಟಿಕೊಂಡು ದೂರ ನಿಂತು ಸುರಿಯಿರಿ. ಕೂಲಿಯವರು ಬರಲಿ, ಅಂಗಡಿಯ ಸೇಠ್ ಬರಲಿ, ಪೂಜಾರಿಯೇ ಬರಲಿ, ಎಲ್ಲರಿಗೂ ಅದರಲ್ಲೇ. ಆದರೆ ಎಲ್ಲರಿಗಿಂತ ಮೊದಲು, ಊರೆಲ್ಲ ನೋಡುವ ಹಾಗೆ, ನೀವು ಬೊಗಸೆಯೊಡ್ಡಿ ಕುಡಿಯಿರಿ.