ರೊಕ್ಕಾವೆಲ್ಲಾ ಊರಿನ ಗಣ್ಯರ ಕಲ್ಲು

ರೊಕ್ಕಾವೆಲ್ಲಾ, ೧೨ ಮೇ ೧೯೬೧

ಅಕ್ಕಾ,

ಈ ಊರಿನವರ ಸಹವಾಸ ಸಾಕಾಗಿಹೋಗಿದೆ. ಊರು ಹುಟ್ಟಿದ ಕಥೆಯನ್ನೂ ಇಲ್ಲಿ ಹುಟ್ಟಿದ ಗಣ್ಯರ ಹೆಸರನ್ನೂ ಅಮೃತಶಿಲೆಯಲ್ಲಿ ಕೆತ್ತಲು ನಾಲ್ಕು ದಿನಕ್ಕೆಂದು ಬಂದವನು ಹದಿನೇಳನೆಯ ದಿನವೂ ಇಲ್ಲೇ ಇದ್ದೇನೆ. ಊರು ಕಟ್ಟಿದವರು ಟ್ರಾಯ್‌ನಿಂದ ಓಡಿಬಂದವರು ಎನ್ನುತ್ತಾನೆ ಮೇಯರ್. ಅಲ್ಲ, ರೋಮಿಗಿಂತ ಹಳೆಯ ಎಟ್ರುಸ್ಕನ್ನರು ಎನ್ನುತ್ತಾನೆ ಔಷಧದಂಗಡಿಯವನು. ಇವರ ಜಗಳದಲ್ಲಿ ಮೊದಲ ಸಾಲಿಗೇ ಒಂದು ವಾರ ಹಿಡಿಯಿತು. ಕಲ್ಲಿನ ಧೂಳಿಗೆ ಕೆಮ್ಮು ಹೆಚ್ಚಿದೆ, ಗಾಬರಿ ಬೇಡ.

ನಿನ್ನೆ ಹೆಸರಾಂತ ಹಾಡುಗಾರ ಎರ್ಕೋಲೆಯ ಸರದಿ. ಅವನ ಜ್ಞಾನಸ್ನಾನದ ದಾಖಲೆ ಪಕ್ಕದ ಊರಿನ ಚರ್ಚಿನಲ್ಲಿದೆ ಎಂದು ಪಾದ್ರಿ ತಕರಾರು ತೆಗೆದರು.

"ಅವ್ನು ನಮ್ಮೋನೇ. ನೀನು ಕೆತ್ತಯ್ಯ!" ಎಂದು ಮೇಯರ್ ನನ್ನ ಮೇಲೆ ಗದರಿದ.

ಅಲ್ಲೇ ಚೌಕದ ನೀರಿನ ತೊಟ್ಟಿಯಲ್ಲಿ ಬಟ್ಟೆ ಒಗೆಯುತ್ತಿದ್ದ ಮುದುಕಿ ಒತ್ತಾವಿಯಾ ಎದ್ದು ಬಂದಳು. "ಹುಟ್ಟಿದ್ದು ಇಲ್ಲೇ ಕಣಪ್ಪ, ನಮ್ಮ ಕೊಟ್ಟಿಗೇಲಿ. ಗಂಡ ಇಲ್ದೆ ಹೆತ್ತಳು ಅಂತ ನಮ್ಮಕ್ಕ ಫಿಲೊಮೇನಾನ ಮೂರು ದಿನದ ಕೂಸಿನ ಜೊತೆ ಓಡ್ಸಿದ್ದೂ ಈ ಊರೇ. ಮುಂದೆ ನಿಂತು ಓಡ್ಸಿದೋನು ನಿಮ್ಮಪ್ಪ, ಮೇಯರ್ರೇ."

ನನಗೆ ರೇಗಿಹೋಗಿತ್ತು. ಉಳಿ ಎತ್ತಿಕೊಂಡು, ‘ಎರ್ಕೋಲೆ, ಫಿಲೊಮೇನಾಳ ಮಗ’ ಎಂದು ಕೆತ್ತಿಬಿಟ್ಟೆ.

"ಅದನ್ನ ಅಳಿಸು!" ಎಂದ ಮೇಯರ್.

"ಕಲ್ಲು ಸ್ವಾಮಿ, ಇದು ಸ್ಲೇಟಲ್ಲ," ಎಂದೆ.

ಓದು ಬರದ ಒತ್ತಾವಿಯಾ ಒದ್ದೆ ಕೈಯಲ್ಲಿ ಅಕ್ಷರಗಳನ್ನು ಸವರುತ್ತಾ, "ಇದ್ರಲ್ಲಿ ನಮ್ಮಕ್ಕ ಎಲ್ಲವಳೆ?" ಎಂದಳು. ಬೆರಳು ಹಿಡಿದು ತೋರಿಸಿದೆ.

ಕಲ್ಲನ್ನು ಒಡೆಸುತ್ತೇನೆಂದು ಮೇಯರ್ ಬೆಳಗಿನಿಂದ ಕೂಗಾಡುತ್ತಿದ್ದಾನೆ. ಮುದುಕಿ ಅದಕ್ಕೆ ಬೆನ್ನು ಕೊಟ್ಟು ಕುರ್ಚಿ ಹಾಕಿಕೊಂಡು ಕೂತಿದ್ದಾಳೆ, ಏಳುತ್ತಿಲ್ಲ. ಅವಳೊಬ್ಬಳನ್ನೇ ಬಿಟ್ಟು ನಾನೂ ಹೊರಡುವ ಹಾಗಿಲ್ಲ. ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿನ್ನ ತಮ್ಮ,
ಆಬ್ರಾಮೊ