ಬಸ್ಸಿನ ಲೆಕ್ಕ

ಸಿಂಧನೂರು
೧೨-೬-೧೯೮೬

ಪ್ರೀತಿಯ ಅತ್ತಿಗೆಗೆ,

ಗ್ಯಾನಿ ಮಾಡುವ ನಮಸ್ಕಾರಗಳು. ನಿನ್ನ ಸೊಂಟನೋವು ಕಡಿಮೆಯಾಯಿತೇ? ಬಾಣಂತಿ ಪಥ್ಯ ಸಾಕಾಗಿದ್ದರೂ ತಾಯಿ ಕೊಟ್ಟದ್ದನ್ನು ಸುಮ್ಮನೆ ತಿನ್ನು. ಕೂಸು ಯಾರನ್ನು ಹೋಲುತ್ತದೆ? ನಮ್ಮಣ್ಣನ ಮೂಗು ಬರದಿದ್ದರೆ ಸಾಕು. ಅಣ್ಣ ಆರಾಮವಾಗಿದ್ದಾನೆ, ರೈಸ್ ಮಿಲ್ಲಿನಿಂದ ಬಂದವನೇ ಸಂತೆಕಲ್ಲೂರಿನಿಂದ ಕಾಗದ ಬಂತೇ ಎಂದು ಕೇಳುತ್ತಾನೆ.

ನಿನ್ನೆ ನಿನ್ನ ತಮ್ಮ ಜಂಬಣ್ಣ ಡಬ್ಬಿ ತುಂಬ ಅಂಟಿನುಂಡಿ ತಂದ. “ನಮ್ಮ ಗ್ಯಾನಿ ಟೀಚರ್ ಆಗಾಕತ್ಯಾಳ, ಮೊದಲ ಆಕಿ ಬಾಯಿಗೆ ಹಾಕು ಅಂದಾಳ ಅಕ್ಕ” ಎಂದ. ನಿನ್ನ ಬಾಣಂತನಕ್ಕೆಂದು ಕಟ್ಟಿದ ಉಂಡಿ ಅವು. ಒಂದನ್ನು ಕೈಗೆತ್ತಿಕೊಂಡವಳು ಮತ್ತೆ ಡಬ್ಬಿಗೇ ಹಾಕಿದೆ. ಶಾಲೆಯವರು ನನ್ನನ್ನು ಆರಿಸಿದರು ಎಂದಷ್ಟೇ ನಿನಗೆ ಬರೆದಿದ್ದೆ. ಹೇಗೆ ಆರಿಸಿದರೆಂದು ಬರೆದಿರಲಿಲ್ಲ.

ನಮ್ಮ ಶಾಲೆಯ ಆಯಾಗಳಲ್ಲಿ ಒಬ್ಬರನ್ನು ಲಿಂಗಸುಗೂರಿಗೆ ಟಿಸಿಎಚ್ ಓದಲು ಕಳಿಸುತ್ತೇವೆ, ಎರಡು ವರ್ಷದ ಫೀಸು ನಾವೇ ಕಟ್ಟುತ್ತೇವೆ, ಮುಗಿಸಿ ಬಂದರೆ ಇಲ್ಲೇ ಟೀಚರ್ ಕೆಲಸ ಎಂದು ಕಮಿಟಿಯವರು ಹೇಳಿದಾಗ, ಹೆಡ್‌ಮಾಸ್ತರ್ ಖಾದರಬಾಷಾ ಸರ್ ಮೊದಲು ನೆನೆದದ್ದು ನಿನ್ನನ್ನೇ. “ಶೇಖಮ್ಮ ಯಾವಾಗ ಬರ್ತಾಳ?” ಎಂದು ಕೇಳಿದರು. “ಆಕಿ ಇನ್ನ ಬರಂಗಿಲ್ರೀ ಸರ್, ಕೂಸಿನ ಕೂಡ ಮನ್ಯಾಗ ಇರ್ತಾಳಂತ್ರೀ” ಎಂದು ಸುಳ್ಳು ಹೇಳಿಬಿಟ್ಟೆ. ಬಳಿಕ ಕಮಿಟಿಯ ಮುಂದೆ ನನ್ನಿಂದ ಒಂದು ಪಾಠ ಮಾಡಿಸಿದರು. ಟೀಚರ್ ಬಾರದ ದಿನ ನೀನು ಮಕ್ಕಳನ್ನು ಸಾಲಾಗಿ ಕೂಡಿಸಿ ಬಸ್ಸು ಹೊರಡಿಸುತ್ತಿದ್ದೆಯಲ್ಲ, ಸಿಂಧನೂರಿನಲ್ಲಿ ಹನ್ನೆರಡು ಮಂದಿ ಹತ್ತಿದರು, ಮಸ್ಕಿಯಲ್ಲಿ ಐವರು ಇಳಿದರು, ಲಿಂಗಸುಗೂರಿಗೆ ಎಷ್ಟು ಮಂದಿ ಹೋದರು ಎಂದು, ಅದನ್ನೇ ಮಾಡಿದೆ. ನಿನ್ನ ಹಾಗೆಯೇ ಸೀಟಿ ಹೊಡೆದೆ. ಅವರು ಖುಷಿಯಾಗಿ “ಯಾರು ಕಲಿಸ್ಯಾರವ್ವ?” ಎಂದರು. “ನಾನ ಮಾಡಿದ್ದುರೀ” ಎಂದೆ. ಹಿಂದಿನಿಂದ ಒಂದು ಹುಡುಗಿ “ಅಲ್ರೀ, ಅದು ಶೇಖಮ್ಮ ಆಯಾಂದು” ಎಂದಳು. ನಾನು ಕಣ್ಣು ಕೆಕ್ಕರಿಸಿದೆ, ಪಾಪ ಸುಮ್ಮನಾದಳು. ಐದು ವರ್ಷದ ಮಗುವನ್ನು ಹೆದರಿಸಿ ಟೀಚರ್ ಆಗಲು ಹೊರಟೆ ನೋಡು. ಮರುದಿನ ಅವಳಿಗೆ ಪೆಪ್ಪರಮಿಂಟ್ ಕೊಡಹೋದೆ, ತೆಗೆದುಕೊಳ್ಳಲಿಲ್ಲ.

ಅತ್ತಿಗೆ, ನನ್ನನ್ನು ಆ ಶಾಲೆಗೆ ಸೇರಿಸಿದವಳೇ ನೀನು. ಅಳುವ ಮಗುವನ್ನು ಎತ್ತುವುದರಿಂದ ಹಿಡಿದು ಎಲ್ಲವನ್ನೂ ನಿನ್ನಿಂದ ಕಲಿತೆ. ನಾಚಿಕೆಯಿಂದ ಸಾಯುವಂತಾಗಿದೆ. ಇವತ್ತು ಬೆಳಿಗ್ಗೆ ಸರ್ ಮುಂದೆ ನಿಂತು ಎಲ್ಲ ಹೇಳಿಬಿಟ್ಟೆ. ಅವರು ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ಒರೆಸುತ್ತ “ಹೊರಗ ನಡಿಯವ್ವ” ಎಂದರು, ಅಷ್ಟೇ. ಅಣ್ಣನಿಗೆ ಇನ್ನೂ ಹೇಳಿಲ್ಲ, ಧೈರ್ಯ ಬಂದಿಲ್ಲ.

ನಿಮ್ಮ ತಾಯಿಗೆ ನಮಸ್ಕಾರ ಹೇಳು. ಕೂಸಿಗೆ ಮುತ್ತು.

ಇಂತಿ ನಿನ್ನ ನಾದಿನಿ, ಹಾಗೆ ಕರೆಯಲು ನಿನಗೆ ಇನ್ನೂ ಮನಸ್ಸಿದ್ದರೆ,
ಗ್ಯಾನಮ್ಮ

ತಾ.ಕ.: ಜಂಬಣ್ಣ ಬಸ್ಸಿಗೆ ಹೊರಟು ನಿಂತಿದ್ದಾನೆ. ಈಗಷ್ಟೇ ಸರ್ ನಿನ್ನ ಹೆಸರಿನ ಹೊಸ ಫಾರಂ ಕಳಿಸಿದರು, ಕವರಿನಲ್ಲಿದೆ. ನನ್ನ ಹೆಸರು ತೆಗೆಸಿದ್ದೇನೆ. ಸೋಮವಾರ ಕಡೆಯ ದಿನ, ನೀನೇ ಬಂದು ಸಹಿ ಮಾಡಬೇಕು. ಕೂಸನ್ನೂ ಕರೆದುಕೊಂಡು ಬಾ, ನೀನು ಓದಿ ಮುಗಿಸುವವರೆಗೆ ನಾನು ನೋಡಿಕೊಳ್ಳುತ್ತೇನೆ. ನೀನು ಬಾರದಿರಲಿ ಎಂಬ ಆಸೆ ಈಗಲೂ ನನ್ನೊಳಗೆ ಇದೆ ಅತ್ತಿಗೆ. ಅದಕ್ಕೇ ಕೇಳಿಕೊಳ್ಳುತ್ತೇನೆ, ತಪ್ಪದೆ ಬಾ.